ಬೊಮ್ಮಕ್ಕನ ಏಳನೆಯ ಕೂಗು

ಏನಂದೆ? ಬಾರಿಸಿಬಿಡಿ ಅಂದೆಯಾ? ಕೂಗು ಕೇಳಿಸುವ ಮೊದಲೇ ತಮಟೆ ಬಾರಿಸಿ ಊಟಕ್ಕೆ ಕೂರೋಣ ಅಂದೆಯಾ? ಅಯ್ಯೋ ನನ್ನ ತಾಯಿ, ಎದೆ ಧಸಕ್ಕೆಂದಿತು ನನಗೆ. ನೀನು ಮೊನ್ನೆ ಮೊನ್ನೆ ಸೊಸೆಯಾಗಿ ಬಂದವಳು, ನಿನಗೆ ಗೊತ್ತಿಲ್ಲ, ಬೈಯುವುದಿಲ್ಲ. ಆದರೆ ಈ ಊರಲ್ಲಿ ಆ ಮಾತನ್ನು ಇನ್ನೊಂದು ಸಲ ಆಡಬೇಡ. ಬಾ, ಕಟ್ಟೆಯ ಮೇಲೆ ನನ್ನ ಪಕ್ಕ ಕೂತುಕೋ. ಹುಗ್ಗಿ ಎಲ್ಲಿಗೂ ಓಡಿಹೋಗುವುದಿಲ್ಲ. ಉಳಿದವರೂ ಕೇಳಿ, ಹಿಂದೆ ಕೇಳಿದ್ದರೂ ಕೇಳಿ.

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದಳೋ ಇಲ್ಲವೋ ಅನ್ನುವ ಕಾಲದಲ್ಲಿ, ಇದೇ ಊರಲ್ಲಿ ಬೊಮ್ಮಕ್ಕ ಅನ್ನುವವಳಿದ್ದಳಂತೆ. ಕುರಿ ಕಾಯುವವರ ಮನೆಯ ಹೆಣ್ಣು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಗುಡ್ಡಗಳೇ ಅವಳಿಗೆ ಅಣ್ಣತಮ್ಮಂದಿರು ಅಂತ ಊರವರು ಹೇಳುತ್ತಿದ್ದರಂತೆ. ಅವಳು ನಡೆದರೆ ಬಂಡೆಯ ಮೇಲಿನ ಓತಿಕ್ಯಾತವೂ ಕದಲುತ್ತಿರಲಿಲ್ಲವಂತೆ. ಅವಳು ಕೂ ಹಾಕಿದರೆ ಪಕ್ಕದೂರಿನ ಹೊಲದಲ್ಲಿ ಗೌಜಲ ಹಕ್ಕಿ ಎದ್ದು ಹಾರುತ್ತಿತ್ತಂತೆ. ಇದು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೂ ಗೊತ್ತು. ಆದರೂ ಹಾಗೆ ಹೇಳುತ್ತಾರೆ, ನಾನೂ ಹಾಗೇ ಹೇಳುತ್ತೇನೆ.

ಊರ ಸುತ್ತ ಇರುವ ಏಳು ಗುಡ್ಡಗಳನ್ನು ನೀನು ನೋಡಿದ್ದೀಯಲ್ಲ? ಬಿತ್ತನೆಗೆ ಮುಂಚೆ, ಮೊದಲ ಮೋಡ ಕಟ್ಟಿದ ಮೇಲೆ, ಒಂದು ದಿನ ಒಬ್ಬರು ಒಬ್ಬಂಟಿಯಾಗಿ ಏಳೂ ಗುಡ್ಡಗಳ ನೆತ್ತಿ ಹತ್ತಿ ಬರಬೇಕು. ಒಬ್ಬರೇ ಹೋಗಬೇಕು, ಒಂದೇ ದಿನದಲ್ಲಿ ಮುಗಿಸಬೇಕು. ಒಂದೊಂದು ನೆತ್ತಿಯಿಂದ ಒಂದೊಂದು ಕಲ್ಲುಹರಳು ಆರಿಸಿ ಮಡಿಲಿಗೆ ಹಾಕಿಕೊಳ್ಳಬೇಕು. ಆ ಏಳು ಹರಳು ಈ ಕಟ್ಟೆಗೆ ಬಂದ ಮೇಲೆಯೇ ಬೀಜದ ಬುಟ್ಟಿ ಹೊರಗೆ ಬರುವುದು. ಇವತ್ತು ನಮ್ಮ ಪಾಪಕ್ಕ ಹೋಗಿದ್ದಾಳಲ್ಲ, ಆಗಲೂ ಹಾಗೇ ಇತ್ತು.

ನೆತ್ತಿ ಮುಟ್ಟಿದವರು ಊರ ಕಡೆ ತಿರುಗಿ ಕೂ ಹಾಕುತ್ತಾರೆ. ಊರು ತಮಟೆ ಬಾರಿಸಿ ಓಗೊಡುತ್ತದೆ. ತಮಟೆ ಅಂದರೆ ಊರು ‘ಬಾ’ ಅಂದಂತೆ. ಊರು ಕರೆಯದೆ ಇಳಿದರೆ ಇಳಿದವರ ಹಿಂದೆಯೇ ಗುಡ್ಡದ ಗುಂಡುಕಲ್ಲುಗಳೂ ಉರುಳಿ ಬಂದು ಊರಿನ ಮೇಲೆ ಬೀಳುತ್ತವೆ ಅಂತ ನಂಬಿಕೆ. ಅದಕ್ಕೇ ತಮಟೆ ಕೇಳಿಸುವ ತನಕ ನೆತ್ತಿಯಿಂದ ಕಾಲು ಕೆಳಗಿಡುವಂತಿಲ್ಲ. ಇನ್ನೊಂದು ನಂಬಿಕೆಯೂ ಇತ್ತು, ಹಾಳಾದ್ದು. ಒಂದು ಗುಡ್ಡಕ್ಕೆ ಒಂದೇ ಸಲ ತಮಟೆ. ಎರಡನೆಯ ಸಲ ಬಾರಿಸಿದರೆ ಅದು ಸಾವಿನ ತಮಟೆ, ಹೋದವರು ಹಿಂದಿರುಗುವುದಿಲ್ಲ ಅಂತ.

ಎಷ್ಟೋ ವರ್ಷ ಬೊಮ್ಮಕ್ಕನೇ ಹೋದಳಂತೆ. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ಕರಡಿಗುಡ್ಡ, ಜೋಡುಗುಂಡು, ಹದ್ದಿನಕಲ್ಲು ಅಂತ ಒಂದೊಂದೇ ಮುಗಿಸಿ, ಆ ಹುಣಸೇಮರದ ತುದಿಗೆ ಹೊತ್ತು ಇಳಿಯುವ ವೇಳೆಗೆ ಸರಿಯಾಗಿ ಕೊನೆಯ ಒಂಟಿಗುಂಡಿನ ನೆತ್ತಿಯಲ್ಲಿ ಕೂ ಅನ್ನುತ್ತಿದ್ದಳಂತೆ. ಒಂದು ವರ್ಷವೂ ಹೆಚ್ಚುಕಮ್ಮಿ ಆಗಿರಲಿಲ್ಲ. ಅಷ್ಟು ನಂಬಿಕೆ ಬಂದುಬಿಟ್ಟಿತ್ತು ಅವಳ ಮೇಲೆ. ಆ ನಂಬಿಕೆಯೇ ಅವಳಿಗೆ ಮುಳುವಾಯಿತು ನೋಡು.

ಆ ವರ್ಷ ಆರು ಕೂಗು ಕೇಳಿಸಿತು. ದುರುಗಯ್ಯ ಅನ್ನುವವನು ತಮಟೆ ಬಾರಿಸುವವನು, ಆರು ಸಲವೂ ಬಾರಿಸಿದ. ಇಷ್ಟು ದೊಡ್ಡ ಕೊಪ್ಪರಿಗೆಯಲ್ಲಿ ನವಣೆ ಹುಗ್ಗಿ ಬೆಂದು, ಬೆಲ್ಲದ ವಾಸನೆ ಕೇರಿಯೆಲ್ಲ ಹರಡಿತ್ತಂತೆ. ಏಳನೆಯ ತಮಟೆ ಆಗುವ ತನಕ ಉಣ್ಣುವಂತಿಲ್ಲ, ಬೆಳಗಿನಿಂದ ಯಾರ ಬಾಯಿಗೂ ಒಂದು ಅಗುಳು ಬಿದ್ದಿರಲಿಲ್ಲ. ಹೊತ್ತು ಹುಣಸೇಮರಕ್ಕೆ ಇಳಿಯಿತು. ಕೂಗಿಲ್ಲ. ಮರದಿಂದಲೂ ಕೆಳಗಿಳಿಯಿತು. ಕೂಗಿಲ್ಲ. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟಿತು, ಗಾಳಿ ಎದ್ದಿತು.

ಆಗ ಊರ ಗೌಡ ಅಂದನಂತೆ, “ಅವ್ಳು ಇಷ್ಟೊತ್ಗೆ ಅಲ್ಲಿರ್ದೆ ಇನ್ನೆಲ್ಲಿರ್ತಾಳೆ? ಕೂಗ್ಯಾಳೆ, ಗಾಳಿಗೆ ನಮಗೆ ಕೇಳ್ಸಿಲ್ಲ ಅಷ್ಟೆ. ಬಾರ್ಸು ದುರ್ಗಯ್ಯ, ಮಳೆ ಬರಾದ್ರೊಳ್ಗೆ ಉಂಡ್ಬಿಡಾನ.”

ಯಾರೂ ಬೇಡ ಅನ್ನಲಿಲ್ಲ. ಗೌಡನೊಬ್ಬನ ಮೇಲೆ ತಪ್ಪು ಹಾಕಬೇಡಿ, ಎಲ್ಲರ ಹೊಟ್ಟೆಯೂ ಅದನ್ನೇ ಹೇಳುತ್ತಿತ್ತು. ದುರುಗಯ್ಯ ಬಾರಿಸಿದ. ತಮಟೆ ಕಾಯಿಸಲು ಹಾಕಿದ್ದ ಬೆಂಕಿಗೆ ನೀರು ಸುರಿದು ಆರಿಸಿ, ತಮಟೆಯನ್ನು ಮೂಲೆಗಿಟ್ಟು, ಅವನೂ ಪಂಕ್ತಿಯಲ್ಲಿ ಕೂತ.

ಬೊಮ್ಮಕ್ಕ ಆಗ ಎಲ್ಲಿದ್ದಳು ಗೊತ್ತೇ? ಆರನೆಯ ಗುಡ್ಡದ ಒಣಗಿದ ದೊಣೆಯೊಳಗಿದ್ದಳು. ಬಂಡೆಯಲ್ಲಿ ನೀರು ನಿಲ್ಲುವ ಆ ಆಳವಾದ ಕುಳಿಗೆ ಯಾರದೋ ಮೇಕೆಮರಿ ಬಿದ್ದು ಅರಚುತ್ತಿತ್ತಂತೆ. ಕುರಿ ಕಾಯುವವರ ಮಗಳು, ಬಿಟ್ಟು ಹೋಗುವುದುಂಟೇ? ಇಳಿದು, ಜಾರಿ, ಮತ್ತೆ ಹತ್ತಿ, ಮರಿಯನ್ನು ಹೆಗಲಿಗೆ ಹಾಕಿಕೊಂಡು ಬರುವಷ್ಟರಲ್ಲಿ ಹೊತ್ತು ಹೋಗಿತ್ತು. ಆ ಕುಳಿಯ ಆಳದಲ್ಲಿ ಅವಳಿಗೆ ನಮ್ಮ ತಮಟೆ ಕೇಳಿಸಿರಲೇ ಇಲ್ಲ.

ಒಂಟಿಗುಂಡಿನ ನೆತ್ತಿ ಹತ್ತಿ ಕೂ ಹಾಕಿದಳು. ಊರು ಓಗೊಡಲಿಲ್ಲ. ಮತ್ತೆ ಹಾಕಿದಳು.

ಈಗ ಹೇಳುವುದನ್ನು ನನ್ನ ಬಾಯಿಂದ ಹೇಳಲಿಕ್ಕೆ ಆಗುವುದಿಲ್ಲ, ಆದರೂ ಹೇಳಬೇಕು. ಊರವರಿಗೆ ಆ ಕೂಗು ಕೇಳಿಸಿತ್ತು! ಹುಗ್ಗಿ ತಿನ್ನುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತಂತೆ. ದುರುಗಯ್ಯ ಏಳಲು ಹೋದ. ಅವನ ತಾಯಿಯೇ ಅವನ ತೋಳು ಹಿಡಿದು ಕೂರಿಸಿದಳಂತೆ. “ಆಗ್ಲೇ ಬಾರ್ಸಿದ್ದು ಆತಲ್ಲೋ! ಎಲ್ಡ್ನೇ ಸಲ ಬಾರ್ಸಿ ಅವಳ್ನ ಸಾಯಿಸ್ತೀಯಾ?” ಅಂದಳಂತೆ. ಅವಳು ಕೆಟ್ಟವಳಲ್ಲ. ಬೊಮ್ಮಕ್ಕನಿಗೆ ಏನೂ ಆಗದಿರಲಿ ಅಂತಲೇ ಹಾಗಂದಳು. ಊರೆಲ್ಲ ಕೈಮುಗಿದು, ಅವಳು ಚೆನ್ನಾಗಿರಲಿ ಅಂತ ಬೇಡಿಕೊಂಡು, ಸುಮ್ಮನೆ ಕೂತಿತಂತೆ. ಮೇಲೆ ಅವಳು ಕೂಗುತ್ತಲೇ ಇದ್ದಳು.

ಹನಿ ಬೀಳಲು ಶುರುವಾದಾಗ ಆ ಮೇಕೆಮರಿ ತಾಯಿಯನ್ನು ಹುಡುಕಿಕೊಂಡು ಊರೊಳಗೆ ಓಡಿ ಬಂತು. ಕೊರಳಲ್ಲಿ ಹರಿದ ಸೆರಗಿನ ಗಂಟು. ಬಿಚ್ಚಿ ನೋಡಿದರೆ ಹರಳುಗಳು. ಕರಡಿಗುಡ್ಡದ ಕರಿಯದು ಇತ್ತು, ಹದ್ದಿನಕಲ್ಲಿನ ಬೂದುಬಣ್ಣದ್ದು ಇತ್ತು, ಒಂಟಿಗುಂಡಿನ ಕೆಂಪುಹರಳೂ ಇತ್ತು. ಏಳಕ್ಕೆ ಏಳೂ ಇದ್ದವು. ಊರು ಕರೆಯದೆ ತಾನು ಇಳಿಯುವಂತಿಲ್ಲ, ಇಳಿದರೆ ಗುಂಡುಗಳು ಉರುಳಿ ನಮ್ಮ ಮೇಲೆಯೇ ಬೀಳುತ್ತವೆ. ಆದರೆ ಮೋಡ ಬಂದಿದೆ, ಬಿತ್ತನೆ ನಿಲ್ಲಬಾರದು. ಅದಕ್ಕೇ ಹರಳುಗಳನ್ನಷ್ಟೇ ಕಳಿಸಿದ್ದಳು.

ಎಂಜಲು ಕೈಯಲ್ಲೇ ದುರುಗಯ್ಯ ಓಡಿದ. ನಂಬಿಕೆ ಗಿಂಬಿಕೆ ಎಲ್ಲ ಮರೆತು ಬಾರಿಸಿದ. ತಮಟೆಯ ಚರ್ಮ ಥಂಡಿಗೆ ಸಡಿಲಾಗಿ ಬರೀ ದೊಬ್ ದೊಬ್ ಅಂದಿತು, ಊರಬಾಗಿಲೂ ದಾಟಲಿಲ್ಲ. ಕಾಯಿಸೋಣ ಅಂದರೆ ಬೆಂಕಿ ಆರಿಸಿದ್ದರು. ಒಲೆಗಳಿಂದ ಕೆಂಡ ತಂದು ಸುರಿದು, ತಮಟೆ ಹಿಡಿದು, ಚರ್ಮ ಬಿಗಿಯಾಗುತ್ತಿದೆ ಅನ್ನುವಾಗ ಒಂಟಿಗುಂಡಿನ ಮೇಲೆ ಸಿಡಿಲು ಬಿತ್ತು.

ಅವಳು ಕಲ್ಲಾದಳು ಅಂತ ಕೆಲವರು ಹೇಳುತ್ತಾರೆ. ಮೋಡದೊಳಗೆ ನಡೆದು ಹೋದಳು ಅಂತ ಇನ್ನು ಕೆಲವರು. ನನಗೆ ಆ ಕಥೆಗಳನ್ನು ಕೇಳಿದರೆ ಮೈ ಉರಿಯುತ್ತದೆ. ಹಾಗೆ ಹೇಳಿದರೆ ನಮ್ಮ ತಪ್ಪು ಹಗುರವಾಗುತ್ತದಲ್ಲ, ಅದಕ್ಕೆ ಹೇಳುತ್ತಾರೆ. ಮಳೆ ನಿಂತ ಮೇಲೆ ಹತ್ತಿದವರು ಕಂಡದ್ದು ಇಷ್ಟು. ಗುಂಡು ಸೀಳಿತ್ತು. ಅದರ ಬುಡಕ್ಕೆ ಒರಗಿ, ಊರ ಕಡೆ ಮುಖ ಮಾಡಿ ಬೊಮ್ಮಕ್ಕ ಕೂತಿದ್ದಳು, ಜೀವ ಇರಲಿಲ್ಲ. ಅವಳ ಬಲಗೈ ಕಿವಿಯ ಹಿಂದೆ ಹಾಗೇ ಇತ್ತು. ಕೇಳಿಸಿಕೊಳ್ಳುತ್ತಾ ಕೂತಿದ್ದಳು.

ಅವತ್ತಿನಿಂದ ಎರಡನೆಯ ತಮಟೆಯ ನಂಬಿಕೆಯನ್ನು ಈ ಊರು ಬಿಟ್ಟಿತು. ಎಷ್ಟು ಸಲ ಕೂಗಿದರೆ ಅಷ್ಟು ಸಲ ಬಾರಿಸುತ್ತೇವೆ. ಹೋದವರು ಊರಬಾಗಿಲು ದಾಟಿ ಒಳಗೆ ಬರುವ ತನಕ ಬೆಂಕಿ ಆರಿಸುವುದಿಲ್ಲ. ಯಾರಾದರೂ ಕರೆದರೆ ಬಾಯಲ್ಲಿ ತುತ್ತಿದ್ದರೂ ಓ ಅನ್ನುತ್ತೇವೆ. ನಿಮ್ಮತ್ತೆ ಹಾಗೆ ಮಾಡುವುದನ್ನು ನೋಡಿ ನೀನು ನಕ್ಕಿದ್ದೆಯಂತೆ, ಯಾರೋ ಹೇಳಿದರು.

ಶ್! ಸುಮ್ಮನಿರಿ ಎಲ್ಲರೂ.

ಕೇಳಿಸಿತಾ? ಕೇಳಿಸಿತು! ನಮ್ಮ ಪಾಪಕ್ಕನ ಕೂಗೇ ಅದು, ಒಂಟಿಗುಂಡಿನದ್ದೇ. ಬಾರಿಸಪ್ಪ, ಬಾರಿಸು, ಜೋರಾಗಿ ಬಾರಿಸು! ಹಾಂ, ಹಾಗೆ. ಇಳಿದು ಬರಲಿ ಮಗಳು.

ಎಲ್ಲಿಗೆ ಎದ್ದೆ ತಾಯಿ? ಎಲೆ ಹಾಕಲಿಕ್ಕೋ? ಇನ್ನೂ ಇದೆ, ಕೂತುಕೋ. ಪಾಪಕ್ಕನಿಗೆ ಓಗೊಟ್ಟಾಯಿತು. ಈಗ ಎಲ್ಲರೂ ಆ ಗುಡ್ಡದ ಕಡೆ ತಿರುಗಿ, ಕತ್ತಲಾಗುವ ತನಕ ಹೀಗೆ ಬಲಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಕೂರಬೇಕು. ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಕೇಳಿಸಿಲ್ಲ, ನಿಜ. ಆದರೂ ಬೊಮ್ಮಕ್ಕ ಇನ್ನೊಂದು ಸಲ ಕೂಗಿದರೆ?

ಕೈ ಎತ್ತು, ತಾಯಿ.