ತೋತನೋ ತೊತ್ತೋ

ಮಲಪ್ರಭೆಯ ದಂಡೆಯ ಮಠದಲ್ಲಿ ನಿಜಗುಣ ಎಂಬ ಶಿಷ್ಯನಿದ್ದ. ಹಲವು ಪರದೇಶಿ ಭಾಷೆ ಬಲ್ಲವನು. ಓದಿ ಓದಿ ಮರುಳಾದ ಕೂಚುಭಟ್ಟ ಎಂದು ಉಳಿದವರು ಅವನನ್ನು ಕಾಡಿಸುತ್ತಿದ್ದರು.

ಒಂದು ಬೆಳಿಗ್ಗೆ ಅವನು ಬಟ್ಟೆಯ ಗಂಟು ಕಟ್ಟಿಕೊಂಡು ಗುರುವಿನ ಮುಂದೆ ಬಂದು ನಿಂತ. ಗುರುವನ್ನು ಮಠದಲ್ಲಿ ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

“ಎಲ್ಲಿಗೆ ಹೊಂಟಿ?”

“ಊರಿಗ್ರೀ ಅಜ್ಜಾರ. ಜಪಾ ನಿಂತು ಹೋಗೇತಿ. ಮಣಿ ಹಿಡದ್ರ ಬಾಯಿ ತೆರೀವಲ್ದು.”

“ಏನಾತು?”

“ಈಜಿಪ್ಟಿನ ಒಬ್ಬ ಹಳೇ ದೇವರ ಬಗ್ಗೆ ಓದಿದೆ. ತೋತ್ ಅಂತ. ಅಲ್ಲಿನ ಮಂದಿ ಅವನನ್ನ ಹೆಂಗ ಕರೀತಿದ್ರೋ, ಸರಿಯಾಗಿ ಯಾರಿಗೂ ಗೊತ್ತಿಲ್ಲ. ಯುರೋಪಿನವರು ತಮ್ಮ ತಮ್ಮ ನಾಲಿಗೆಗೆ ತಕ್ಕಂಗ ತಿರುವಿಕೊಂಡಾರ. ಆ ಹೆಸರು ಜರ್ಮನರ ಕಿವಿಗೆ ‘ಸತ್ತಂವ’ ಅಂದಂಗ ಕೇಳತೈತಿ. ರಷ್ಯನ್ನರಿಗೆ ‘ಅಂವ’ ಅಂದಂಗ. ಸ್ಪೇನಿನ ಒಂದು ಮೂಲ್ಯಾಗ ಕತಲಾನ್ ಅಂತ ಭಾಷಾ ಐತಿ, ಅವರಿಗೆ ‘ಎಲ್ಲಾ’ ಅಂದಂಗ.”

ಅಜ್ಜಾರು ಹುಬ್ಬು ಗಂಟಿಕ್ಕಿದರು. “ಹಂಗಾದ್ರ ಅಂವ ಸತ್ತಾನೋ, ಎಲ್ಲಾ ಆಗ್ಯಾನೋ?”

“ಅದ ತಿಳೀವಲ್ದು. ಹೆಸರ ತಪ್ಪಿದ್ರ ಕರೆದದ್ದು ಯಾರಿಗೆ ಮುಟ್ಟತೈತ್ರೀ? ನಾನೂ ಇಷ್ಟು ವರ್ಷ ಶಿವಾ ಶಿವಾ ಅಂದೆ. ಅದಾದ್ರೂ ಅವನ ಹೆಸರು ಹೌದೋ ಅಲ್ಲೋ? ಇಷ್ಟು ದಿನ ಗೋಡಿ ಜೋಡಿ ಮಾತಾಡಿದ್ನೇನ್ರೀ?”

“ಏನಂದಿ ಹೆಸರು? ತೊತ್ತು?”

“ತೊತ್ತಲ್ರೀ, ತೋತ್. ತೊತ್ತಂದ್ರ ನಮ್ಮಲ್ಲಿ ಆಳು.”

“ನನಗ ಹಲ್ಲಿಲ್ಲಪಾ. ತೊತ್ತು ಅಂತನ ಬರತೈತಿ.”

ಇದ್ದ ಅರ್ಥಗಳು ಸಾಲದು ಎಂಬಂತೆ ಇನ್ನೊಂದು ಸೇರಿತು. ನಿಜಗುಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಜ್ಜಾರು ಕಣ್ಣು ಮುಚ್ಚಿಕೊಂಡರು. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಗಂಟು ಹಿಡಿದುಕೊಂಡೇ ಶಿಷ್ಯ ಕಾದ.

ಆಮೇಲೆ ಅಜ್ಜಾರು ಕಣ್ಣು ತೆರೆಯದೆ ಕೂಗಿದರು.

“ಏ ತೊತ್ತೇ, ನೀರಡಿಕಿ ಆಗೇತಿ. ಒಂದು ತಂಬಿಗಿ ನೀರು ತಾ.”

ನಿಜಗುಣ ಗಂಟು ಕೆಳಗಿಟ್ಟು ಓಡಿದ. ತಂಬಿಗೆ ತುಂಬಿ ತಂದು ಗುರುವಿನ ಕೈಗೆ ಕೊಟ್ಟ.

ಅಜ್ಜಾರು ನೀರು ಕುಡಿದರು. ಬಾಯಿ ಒರೆಸಿಕೊಂಡು ಅವನನ್ನೇ ನೋಡಿದರು.

“ನಾ ಕರೆದದ್ದು ಈಜಿಪ್ಟಿನ ದೇವರನ್ನ. ನೀ ಯಾಕ ಬಂದಿ?”