ಅಟ್ಟದ ಬಾಣಂತಿ

ಹಾಲಪ್ಪ ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಕಾರಹುಣ್ಣಿಮೆಯ ಸಂಜೆ. ಊರವರೆಲ್ಲ ಎತ್ತುಗಳ ಹಿಂದೆ ಓಡುತ್ತಿದ್ದರು. ಅವನು ಇನ್ನೊಂದು ದಿಕ್ಕಿಗೆ ಹೊರಟ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಶಾಲೆಯನ್ನು ಅದಕ್ಕೂ ಮೊದಲೇ ಬಿಟ್ಟಿದ್ದ. ಆಮೇಲೆ ಬಿಡುವುದೇ ಅಭ್ಯಾಸವಾಯಿತು. ಗಾಣದ ಮನೆ, ಇಟ್ಟಿಗೆ ಭಟ್ಟಿ, ಸಂತೆಯಿಂದ ಸಂತೆಗೆ ಹೋಗುವ ಗಾಡಿ, ಒಂದು ಮಠ, ಇನ್ನೊಂದು ಮಠ. ಎಲ್ಲಿ ಹೋದರೂ ಮೊದಮೊದಲು ಒಳ್ಳೆಯ ನಿದ್ದೆ ಬರುತ್ತಿತ್ತು. ಸ್ವಲ್ಪ ಕಾಲ ಕಳೆದ ಮೇಲೆ ಒಳಗೆ ಏನೋ ಓಡಾಡಲು ಶುರುವಾಗುತ್ತಿತ್ತು.

ಈ ಗುಡ್ಡದ ಮಠದಲ್ಲಿ ಅವನು ಬೇರೆಲ್ಲ ಕಡೆಗಿಂತ ಹೆಚ್ಚು ಕಾಲ ನಿಂತ. ಇಲ್ಲೂ ಶುರುವಾಯಿತು. ಒಂದು ಮಧ್ಯಾಹ್ನ ಅಂಗಳದ ಕಟ್ಟೆಯ ಮೇಲೆ ಬಟ್ಟೆ ಹಾಸಿ, ತನ್ನ ಸಾಮಾನನ್ನು ಒಂದೊಂದಾಗಿ ಅದರ ಮೇಲೆ ಇಡತೊಡಗಿದ. ಪಕ್ಕದಲ್ಲಿ ಮಠದ ಅಜ್ಜಯ್ಯ ಅವರೆಕಾಳು ಆರಿಸುತ್ತ ಕೂತಿದ್ದರು. ಹಾಲಪ್ಪ ತಲೆ ಎತ್ತದೆ ಕೇಳಿದ:

“ಅಜ್ಜಯ್ಯ, ನನಗೆ ಸಾಕಾಗಿಹೋಗಿದೆ. ಒಳಗೆ ಹೊಕ್ಕಿರುವ ಇದನ್ನು ಹೊರಗೆ ಓಡಿಸುವುದು ಹೇಗೆ? ಜಪ ಮಾಡಿದೆ, ಉಪವಾಸ ಬಿದ್ದೆ, ಮೈಮುರಿದು ದುಡಿದೆ. ಒಂದಿಷ್ಟು ದಿನ ಸುಮ್ಮನಿರುತ್ತೆ, ಮತ್ತೆ ಎದ್ದು ಕೂರುತ್ತೆ. ಇನ್ನು ಇಲ್ಲಿದ್ದೂ ಫಲವಿಲ್ಲ.”

“ಅದು ಅಂದರೆ ಏನಪ್ಪ?”

“ಅದು ಗೊತ್ತಿದ್ದರೆ ನಿಮ್ಮನ್ನು ಯಾಕೆ ಕೇಳಲಿ?”

ಅಜ್ಜಯ್ಯನಿಗೂ ದಣಿವಾಗಿತ್ತು. ಇದೇ ಪ್ರಶ್ನೆಯನ್ನು ಅವರು ಬೇರೆ ಬೇರೆ ಬಾಯಿಗಳಲ್ಲಿ ಕೇಳಿ ಕೇಳಿ ಮುದುಕರಾಗಿದ್ದರು. ಮೊರವನ್ನು ಬದಿಗೆ ಸರಿಸಿ, “ಕಟ್ಟುವುದನ್ನು ಕಟ್ಟು. ಕಿವಿ ಮಾತ್ರ ಈ ಕಡೆ ಇರಲಿ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಗೌರಿ ಹಬ್ಬಕ್ಕೆ ಮಾರುವ ಬಳೆಗಳನ್ನು ಅವನು ಬೇಸಗೆಯಲ್ಲೇ ತಂದು ಅಟ್ಟಕ್ಕೆ ಹಾಕುತ್ತಿದ್ದ. ಗಾಜು ಗಾಜಿಗೆ ತಗಲದ ಹಾಗೆ ಒಣ ಹುಲ್ಲನ್ನು ಮೆತ್ತಗೆ ಹಾಸಿ, ಅದರ ಮೇಲೆ ಬಳೆ, ಬಳೆಯ ಮೇಲೆ ಮತ್ತೆ ಹುಲ್ಲು. ವರ್ಷದ ಅನ್ನವೆಲ್ಲ ಆ ಹುಲ್ಲಿನ ನಡುವೆ ಇರುತ್ತಿತ್ತು. ಆ ಹಬ್ಬ ಕೈತಪ್ಪಿದರೆ ಮುಂದಿನ ಹಬ್ಬದವರೆಗೆ ಅವನ ಮನೆಯ ಒಲೆಗೆ ದಿಕ್ಕಿರಲಿಲ್ಲ.

ಒಂದು ವರ್ಷ ಹಬ್ಬ ಹತ್ತಿರವಿದ್ದಾಗ, ಸಂಜೆಯ ಹೊತ್ತು, ಅಟ್ಟದಲ್ಲಿ ಬಳೆ ಕಿಣಿಕಿಣಿ ಎಂದಿತು. ಮರುದಿನ ಸಂಜೆಯೂ ಎಂದಿತು. ಸೂರಿನಲ್ಲಿ ಒಂದು ಹಂಚು ಜಾರಿತ್ತು. ಆ ಸಂದಿಯಿಂದ ಒಂದು ಪುನುಗಿನ ಬೆಕ್ಕು ಒಳಗೆ ಬಂದು ಮನೆ ಮಾಡಿಕೊಂಡಿತ್ತು.

ಬಳೆಗಾರ ತಗಡಿನ ಡಬ್ಬ ತಂದು ಅಟ್ಟದ ಕೆಳಗೆ ನಿಂತು ಬಡಿದ. ಬೆಕ್ಕು ಆ ಮೂಲೆಯಿಂದ ಈ ಮೂಲೆಗೆ ಓಡಿತು. ಬಳೆ ಒಡೆದ ಸದ್ದಾಯಿತು. ಅವನು ಇನ್ನೂ ಜೋರಾಗಿ ಬಡಿದ. ಇನ್ನಷ್ಟು ಒಡೆದವು.

ಆಮೇಲೆ ಒಣಮೆಣಸಿನಕಾಯಿ ಸುಟ್ಟು ಹೊಗೆ ಹಾಕಿದ. ಮನೆಯವರೆಲ್ಲ ಕೆಮ್ಮುತ್ತ ಬೀದಿಗೆ ಬಂದರು. ಬೆಕ್ಕು ಬರಲಿಲ್ಲ. ಬಿದಿರಿನ ಗಳು ತಂದು ಅಟ್ಟದ ಹಲಗೆಯ ಸಂದಿಯಲ್ಲಿ ತಿವಿದ. ಗಾಜಿನ ಚೂರು ಅವನ ತಲೆಯ ಮೇಲೆಯೇ ಉದುರಿತು.

“ಒಂದು ಸಲ ಹತ್ತಿ ನೋಡಬಾರದಾ?” ಎಂದಳು ಹೆಂಡತಿ.

“ಹತ್ತೋದಾ? ಕೈ ಕಚ್ಚಿದರೆ ಮುಗೀತು ಕತೆ. ಈ ಕೈ ಇಲ್ಲದ ಮೇಲೆ ಯಾವಳು ನನಗೆ ಮುಂಗೈ ಚಾಚುತ್ತಾಳೆ?”

ಮಾತು ಸುಳ್ಳಲ್ಲ. ಬಳೆಗಾರನಿಗೆ ಕೈಯೇ ಬಂಡವಾಳ.

ಇನ್ನೊಂದು ದಿನ ನಡುಮಧ್ಯಾಹ್ನ ಅವನು ಕಿವಿಗೊಟ್ಟು ಕೇಳಿದ. ಅಟ್ಟದಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಪೀಡೆ ತೊಲಗಿತು ಅಂದುಕೊಂಡು ಹಿತ್ತಲ ಗೋಡೆ ಏರಿ, ಜಾರಿದ ಹಂಚನ್ನು ಮೇಲಕ್ಕೆ ದಬ್ಬಿ, ಅದರ ಮೇಲೊಂದು ಕಲ್ಲು ಹೇರಿ ಬಂದ. ಹಗಲೆಲ್ಲ ಮಲಗಿ ಸಂಜೆ ಏಳುವ ಪ್ರಾಣಿ ಅದು. ಸದ್ದಿಲ್ಲದ್ದನ್ನು ಅವನು ಇಲ್ಲ ಎಂದುಕೊಂಡ. ಬೆಕ್ಕನ್ನು ಒಳಗಿಟ್ಟೇ ಬಾಗಿಲು ಹಾಕಿದ ಹಾಗಾಯಿತು.

ಹೊತ್ತು ಮುಳುಗಿತು. ಬೆಕ್ಕು ಎದ್ದು ದಾರಿ ಹುಡುಕಿತು. ಸಿಗಲಿಲ್ಲ. ಆಗ ಅಟ್ಟದಲ್ಲಿ ಎದ್ದ ಗದ್ದಲಕ್ಕೆ ನೆರೆಮನೆಯವರು ಓಡಿಬಂದರು. ಬಳೆಗಾರ ಕಿವಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಕೂರಲಾಗದೆ ಮತ್ತೆ ಗೋಡೆ ಏರಿ, ಕಲ್ಲು ತೆಗೆದು, ಹಂಚು ಸರಿಸಿದ. ಬೆಕ್ಕು ಅವನ ಹೆಗಲ ಪಕ್ಕದಿಂದಲೇ ನೆಗೆದು ಕತ್ತಲಿಗೆ ಹೋಯಿತು.

“ಹೋಯ್ತಲ್ಲ, ಬಿಡು” ಎಂದು ಅವನು ಜಗುಲಿಯ ಮೇಲೆ ಕುಸಿದ.

“ಹೋದದ್ದು ಅಮ್ಮ” ಎಂದಳು ಹೆಂಡತಿ. “ಮೇಲೆ ಅಳ್ತಾ ಇರೋದು ಯಾರು, ಕೇಳಿ. ಊರ ಬಸುರಿಯರಿಗೆಲ್ಲ ಕರೆದು ಕೂರಿಸಿ ಬಳೆ ತೊಡಿಸ್ತೀರಿ. ನಮ್ಮ ಮನೇಲೇ ಒಬ್ಬಳು ಬಾಣಂತಿ ಇದಾಳೆ ಅಂತ ನಿಮಗೆ ತಿಳೀಲಿಲ್ಲ.”

ಅವಳೇ ಏಣಿ ತಂದು ಹಾಕಿದಳು. ದೀಪ ಕೈಗೆ ಕೊಟ್ಟಳು. ಅವನು ಹತ್ತಿದ.

ಹುಲ್ಲಿನಲ್ಲಿ ಕಣ್ಣು ಬಿಡದ ಮರಿಗಳಿದ್ದವು. ಹುಲ್ಲು ಅವನೇ ಹಾಸಿದ್ದು. ಮರಿಗಳ ಸುತ್ತ ಇದ್ದ ಬಳೆಗಳನ್ನು ಮುಟ್ಟಿ ನೋಡಿದ. ಒಂದೂ ಒಡೆದಿರಲಿಲ್ಲ. ಅಷ್ಟು ದಿನ ಅದು ಅವುಗಳ ನಡುವೆಯೇ ಹೆಜ್ಜೆ ನೋಡಿ ಇಟ್ಟು ಓಡಾಡಿತ್ತು. ಒಡೆದ ಗಾಜೆಲ್ಲ ಇದ್ದದ್ದು ದೂರದಲ್ಲಿ: ಡಬ್ಬ ಬಡಿದಾಗ ಅದು ಓಡಿದ ದಾರಿಯಲ್ಲಿ, ಗಳುವಿನಿಂದ ತಿವಿದ ಸಂದಿಯ ಬಾಯಲ್ಲಿ, ಮುಚ್ಚಿದ ಹಂಚಿನ ಕೆಳಗೆ. ಬೆಕ್ಕು ತಾನಾಗಿ ಒಡೆದದ್ದು ಏನೂ ಇರಲಿಲ್ಲ. ಒಡೆದದ್ದೆಲ್ಲ ಅವನ ಉಪಾಯಗಳಿಂದ.

ಕೆಳಗಿನಿಂದ ಹೆಂಡತಿ, “ಏನಿದೆ?” ಎಂದಳು. ಅವನು ಇಳಿದು ಬಂದು ದೀಪವನ್ನು ಅವಳ ಕೈಗೆ ಕೊಟ್ಟ.

ಆಮೇಲೆ ದಿನಾ ಬೆಕ್ಕು ಹೊರಗೆ ಹೋದ ಹೊತ್ತಿಗೆ ಹತ್ತುತ್ತಿದ್ದ. ಮುಂಗೈಯಿಂದ ಬಳೆ ಕಳಚುವಷ್ಟು ಹಗುರವಾಗಿ, ಉಳಿದ ಬಳೆಗಳನ್ನು ಹುಲ್ಲಿನಿಂದ ಬಿಡಿಸಿ ಕೆಳಗೆ ತಂದ. ಹುಲ್ಲು ಅಲ್ಲೇ ಬಿಟ್ಟ. ಆ ವರ್ಷ ಹಬ್ಬಕ್ಕೆ ಅವನ ಹೆಗಲ ಮೇಲಿನ ಬಳೆಯ ಹೊರೆ ತೀರಾ ಸಣ್ಣದು. “ಏನಣ್ಣ, ಈ ಸಲ ಇಷ್ಟೇನಾ?” ಎಂದು ಹೆಂಗಸರು ನಕ್ಕರು. ಮನೆಯಲ್ಲಿ ದಿನಕ್ಕೆ ಒಂದು ಹೊತ್ತಿನ ಊಟ ತಪ್ಪಿತು. ಮರಿಗಳು ಬೆಳೆದು ತಾಯಿಯ ಹಿಂದೆ ಹೋದ ಮೇಲೆ ಅವನು ಮತ್ತೊಮ್ಮೆ ಹತ್ತಿದ. ಹುಲ್ಲು ತಣ್ಣಗಿತ್ತು. ಆಗ ಹಂಚು ಮುಚ್ಚಿದ.

ಅಜ್ಜಯ್ಯ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಕತೆ ಮುಗಿಯಿತೆಂದು ಹಾಲಪ್ಪನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಅವನ ತಂಬಿಗೆ, ಕಂಬಳಿ, ಒಣಗಿದ ಪಂಚೆ ಎಲ್ಲ ಬಟ್ಟೆಯ ಮೇಲೆ ಬಂದಿದ್ದವು. ಇನ್ನು ಗಂಟು ಹಾಕುವುದೊಂದೇ ಬಾಕಿ.

“ಹಂಚು ಮುಚ್ಚಿದನಲ್ಲ. ಆಮೇಲೆ ಆ ಮನೆಗೆ ಯಾವುದೂ ಬರಲಿಲ್ಲವೇ ಅಜ್ಜಯ್ಯ?” ಎಂದು ಕೇಳಿದ. ಬರಲಿಲ್ಲ ಎನ್ನಲಿ ಎಂಬ ಆಸೆ ಅವನ ದನಿಯಲ್ಲಿತ್ತು.

“ಮುಂದಿನ ವರ್ಷವೇ ಬಂತು, ಸದ್ದು ಕೇಳಿ ಅವನು ಏಣಿ ಹಾಕಿದ. ನೀನು ಸದ್ದು ಕೇಳಿದಾಗಲೆಲ್ಲ ಊರು ಬಿಟ್ಟೆ.”

ಹಾಲಪ್ಪ ಬಟ್ಟೆಯ ಎರಡು ತುದಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಕಟ್ಟದೆ, ಬಿಡದೆ, ಹಾಗೇ ಕೂತ.