ಗುಂಡುಕಲ್ಲಿನ ನಿದ್ದೆ

"ಬುದ್ಧಿ, ತಪ್ಪದೆ ಗಂಟೆ ಬಾರಿಸುವ ಯಂತ್ರ ಬಂದಾಯಿತು. ತಪ್ಪುವ ಈ ಕೈ ಇನ್ನು ಯಾಕೆ ಬೇಕು?"

ಹೀಗೆ ಕೇಳಿದವನು ಶಿವನಂಜ. ಮಠದ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಗಂಟೆಯ ಹಗ್ಗ ಎಳೆಯುವುದು ಅವನ ಸೇವೆ. ಮೀಸೆ ಚಿಗುರುವ ಮೊದಲೇ ಹಿಡಿದ ಹಗ್ಗ, ಈಗ ಆ ಮೀಸೆಯೇ ನರೆತಿತ್ತು. ಅವನಲ್ಲಿ ಒಂದು ದೋಷವಿತ್ತು. ಆರತಿಯ ಬೆಳಕು ಲಿಂಗದ ಮೇಲೆ ಬಿದ್ದ ಕೂಡಲೇ ಅವನು ನೋಡುತ್ತ ಮೈಮರೆಯುತ್ತಿದ್ದ, ಕೈ ನಿಂತುಹೋಗುತ್ತಿತ್ತು. ಭಕ್ತರು ತಿರುಗಿ ನೋಡಿದಾಗ ಬೆಚ್ಚಿಬಿದ್ದು ಮತ್ತೆ ಎಳೆಯುತ್ತಿದ್ದ. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಇದನ್ನು ಕಂಡು, ಪಾಪ, ಅವನ ಮೇಲಿನ ಕನಿಕರದಿಂದಲೇ, ಕರೆಂಟಿನ ಗಂಟೆ ನಗಾರಿ ತಂದುಕೊಟ್ಟಿದ್ದರು. ಗುಂಡಿ ಒತ್ತಿದರೆ ಗಂಟೆ, ಜಾಗಟೆ, ನಗಾರಿ ಎಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಒಂದು ಪೆಟ್ಟೂ ಆಚೀಚೆ ಆಗುತ್ತಿರಲಿಲ್ಲ. ಅಪ್ಪಣೆಯಾದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಡುತ್ತೇನೆ ಎಂದು ಶಿವನಂಜ ತಲೆ ತಗ್ಗಿಸಿ ನಿಂತ.

ಮಠದ ಸ್ವಾಮಿಗಳಾದ ದೊಡ್ಡ ಬುದ್ಧಿಯವರಿಗೆ ನಗು ಬಂತು. ಹೊರಡುವವನನ್ನು ಯಾರೂ ಹಿಡಿದುಕೊಂಡಿಲ್ಲ, ಸದ್ಯಕ್ಕೆ ಕೂತುಕೋ ಮಾರಾಯ ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಬ್ಬ ಶಿಲ್ಪಿ ಇದ್ದ. ಶಿಲ್ಪಿ ಎಂದರೆ ಉಳಿ ಸುತ್ತಿಗೆ ಹಿಡಿದು ಕಲ್ಲು ಕಡೆಯುವವನಲ್ಲ, ಆಡುವ ಶಿಲ್ಪ ಮಾಡುವವನು. ಹಳೆ ಸೈಕಲ್ಲಿನ ಚೈನು, ಹೊಲಿಗೆ ಯಂತ್ರದ ಗಾಲಿ, ತಿರುಗುವುದನ್ನು ಬಿಟ್ಟ ಫ್ಯಾನಿನ ರೆಕ್ಕೆ, ಹೀಗೆ ಮೂಲೆ ಸೇರಿದ್ದನ್ನೆಲ್ಲ ತಂದು ಜೋಡಿಸಿ, ಸಣ್ಣ ಮೋಟಾರು ಕೂರಿಸಿ ಅವನ್ನು ಆಡಿಸುತ್ತಿದ್ದ. ಅವನು ಮಾಡಿದ ಸೌಟುಗಳ ಸಾಲೊಂದು, ಯಾರಾದರೂ ಹತ್ತಿರ ಬಂದರೆ ಒಂದರ ಹಿಂದೊಂದು ಬಾಗಿ ನಮಸ್ಕಾರ ಮಾಡುತ್ತಿತ್ತು. ಅವನ ತಗಡಿನ ಕೊಕ್ಕರೆ ನಿಂತಲ್ಲೇ ನಿಂತು ಹಾರುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನ್ನ ಕೈಗೆ ಸಿಕ್ಕಿ ಆಡದ ವಸ್ತುವಿಲ್ಲ ಎಂಬ ಸಣ್ಣ ಜಂಬ ಅವನಿಗೂ ಇತ್ತು. ಇರಲಿ ಬಿಡು, ಕೆಲಸ ಬಲ್ಲವನಿಗೆ ಅಷ್ಟು ಇರಬೇಕಾದದ್ದೇ.

ಮದುವೆಯಾಗಿ ಬಹಳ ಕಾಲದ ಮೇಲೆ ಅವನಿಗೊಂದು ಹೆಣ್ಣು ಕೂಸು ಹುಟ್ಟಿತು. ಕೆನ್ನೆ ತುಂಬ ನಗು, ಕಣ್ಣು ತುಂಬ ಎಚ್ಚರ. ನಿದ್ದೆಯೊಂದನ್ನು ಮಾತ್ರ ಬರುವಾಗ ಎಲ್ಲೋ ಮರೆತು ಬಂದಿತ್ತು. ತೊಟ್ಟಿಲು ತೂಗಿದರೆ ಮಲಗಿತು, ಬಿಟ್ಟರೆ ಎದ್ದಿತು. ಅವನ ಹೆಂಡತಿ ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಕೈಯಲ್ಲಿ ಸೊಪ್ಪು ಸೋಸುತ್ತ, ಕಾಲಲ್ಲಿ ಕೂಸನ್ನು ತೂಗುತ್ತಿದ್ದಳು. ನಿದ್ದೆಗೆಟ್ಟು ಅವಳ ಕಣ್ಣು ಗುಳಿಬಿದ್ದಿದ್ದವು. ಊಟಕ್ಕೆ ಕೂತರೆ ತುತ್ತು ಕೈಯಲ್ಲಿದ್ದ ಹಾಗೇ ತೂಕಡಿಸುತ್ತಿದ್ದಳು. ಅದನ್ನು ಶಿಲ್ಪಿ ನೋಡಿದ. ಸೌಟು ಸಟ್ಟುಗವನ್ನೆಲ್ಲ ಕುಣಿಸುವ ನಾನು ನನ್ನ ಮನೆಯದೊಂದು ತೊಟ್ಟಿಲು ತೂಗಲಾರೆನೇ ಎಂದುಕೊಂಡ.

ತೂಗುವ ಯಂತ್ರ ಮಾಡಲು ಕೂತ. ಹೆಂಡತಿ ತೂಗುವುದನ್ನೇ ದಿನಗಟ್ಟಲೆ ನೋಡಿದ. ತೊಟ್ಟಿಲು ಎಷ್ಟು ದೂರ ಹೋಗುತ್ತದೆ, ಎಷ್ಟು ಹೊತ್ತಿಗೆ ಮರಳುತ್ತದೆ, ಮರಳುವಾಗ ಮೇಲಿನ ಕೊಂಡಿ ಹೇಗೆ ಕಿರ್ ಎನ್ನುತ್ತದೆ ಎಂಬುದನ್ನೆಲ್ಲ ಮನಸ್ಸಿಗೆ ಇಳಿಸಿಕೊಂಡ. ಯಂತ್ರದಲ್ಲಿ ಆ ಕಿರ್ ಎಂಬ ಸದ್ದನ್ನೂ ಬಿಡಲಿಲ್ಲ. ನಗರದ ದೊಡ್ಡ ಕಲಾಶಾಲೆಯವರು ಬಂದು ನೋಡಿ ಮರುಳಾದರು. ಮುಂದಿನ ಪ್ರದರ್ಶನಕ್ಕೆ ಇದೇ ಬೇಕೆಂದು ಅವನಿಂದ ಮಾತು ತೆಗೆದುಕೊಂಡು ಹೋದರು.

ಮೊದಲ ಸಲ ಓಡಿಸಿ ನೋಡಿದಾಗ ತೊಟ್ಟಿಲು ಖಾಲಿ ಇತ್ತು. ಹೆಂಡತಿ ಒಳಗಿನಿಂದ ಓಡಿಬಂದು ಎರಡು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಬರಿ ತೊಟ್ಟಿಲು ತೂಗಬಾರದೆಂದು ನಮ್ಮ ಕಡೆ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ನಾಮಕರಣದ ದಿನವೂ ಒರಳಿನ ಗುಂಡುಕಲ್ಲನ್ನು ಮೊದಲು ಮಲಗಿಸಿ ತೂಗಿ, ಆಮೇಲೆ ತಾನೇ ಕೂಸನ್ನು ಮಲಗಿಸುವುದು. ಅವಳು ಗಂಡನನ್ನು ಬಾಯಿತುಂಬ ಬೈದಳು. ಬೈಯುತ್ತಲೇ ಗುಂಡುಕಲ್ಲನ್ನು ತನ್ನದೊಂದು ಹಳೆ ಸೀರೆಯಲ್ಲಿ ಸುತ್ತಿ ತಂದು ತೊಟ್ಟಿಲಲ್ಲಿಟ್ಟಳು. ಯಂತ್ರ ತೂಗಿತು. ಬೆಳಗಿನಿಂದ ಸಂಜೆಯವರೆಗೆ ತೂಗಿತು. ಗುಂಡುಕಲ್ಲು ಒಂದು ಸಲವೂ ಅಳಲಿಲ್ಲ. ಸೊಗಸಾಗಿ ನಿದ್ದೆ ಮಾಡಿತು ಎಂದೇ ಇಟ್ಟುಕೋ.

ಮರುದಿನ ಕೂಸನ್ನು ಮಲಗಿಸಿದರು. ಕೂಸು ಕಣ್ಣು ಬಿಟ್ಟುಕೊಂಡು, ಏನನ್ನೋ ಕಾಯುವ ಹಾಗೆ ಸುಮ್ಮನಿತ್ತು. ತೊಟ್ಟಿಲು ತೂಗುತ್ತಲೇ ಇತ್ತು. ಕೂಸು ಊಂ ಎಂದಿತು. ತೊಟ್ಟಿಲು ತೂಗುತ್ತಲೇ ಇತ್ತು. ಕೊನೆಗೆ ಅದು ಸೂರು ಹಾರಿಹೋಗುವ ಹಾಗೆ ಅಳತೊಡಗಿತು. ಶಿಲ್ಪಿ ಯಂತ್ರದ ವೇಗ ತಗ್ಗಿಸಿದ, ಹೆಚ್ಚಿಸಿದ, ಹಾಸಿಗೆ ಬದಲಿಸಿದ. ಏನು ಮಾಡಿದರೂ ಕೂಸಿನ ಅಳು ನಿಲ್ಲಲಿಲ್ಲ. ಹೆಂಡತಿ ಬಂದು ಹಗ್ಗವನ್ನು ಹೆಬ್ಬೆರಳಿಗೆ ಸುತ್ತಿಕೊಂಡಳು. ಸ್ವಲ್ಪ ಹೊತ್ತಿಗೆಲ್ಲ ಕೂಸಿಗೆ ನಿದ್ದೆ.

ಶಿಲ್ಪಿಯ ಮುಖ ಚಿಕ್ಕದಾಯಿತು. ಹೆಂಡತಿಯ ಹೆಬ್ಬೆರಳಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸು ಲೋಕದಲ್ಲಿ ಅವನೊಬ್ಬನೇ ಇರಬೇಕು. ಅದಕ್ಕಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಅವಳಿಗೆ ನಿದ್ದೆ ಕೊಡಿಸುತ್ತೇನೆಂದು ಹೊರಟು ಅದೂ ಆಗಲಿಲ್ಲ. ಸ್ವಂತ ಮಗಳೇ ಮಲಗದ ತೊಟ್ಟಿಲನ್ನು ನಾಲ್ಕು ಜನರ ಮುಂದೆ ಯಾವ ಮುಖ ಹೊತ್ತು ತೂಗಿಹಾಕುವುದು? ಇನ್ನು ಈ ಕೈಯಿಂದ ಏನು ಮಾಡಿದರೂ ಅದು ಬರೀ ತಗಡು ಎಂದು ಅವನಿಗೆ ಅನ್ನಿಸಿಬಿಟ್ಟಿತು.

ಒಂದು ಮಧ್ಯಾಹ್ನ ಯಂತ್ರವನ್ನು ಬಿಚ್ಚಿಹಾಕಲು ಬಂದ. ಹೆಂಡತಿ ಗೋಡೆಗೆ ಒರಗಿ ಕೂತಲ್ಲೇ ನಿದ್ದೆಹೋಗಿದ್ದಳು. ಹೆಬ್ಬೆರಳಿನ ಹಗ್ಗ ಸಡಿಲವಾಗಿತ್ತು. ತೊಟ್ಟಿಲು ತೂಗಿ ತೂಗಿ ಸಣ್ಣದಾಗಿ, ನಿಂತುಹೋಯಿತು. ಕೂಸು ಎದ್ದೀತೆಂದು ಶಿಲ್ಪಿ ಕೈ ಚಾಚಿದ. ಅಷ್ಟರಲ್ಲಿ ಒಳಗಿನಿಂದ ಊಂ ಎಂದಿತು. ಹೆಂಡತಿ ಕಣ್ಣು ತೆರೆಯಲಿಲ್ಲ. ಹೆಬ್ಬೆರಳು ಮಾತ್ರ ಅಲ್ಲಾಡಿತು. ಹಗ್ಗ ಬಿಗಿಯಾಯಿತು, ತೊಟ್ಟಿಲು ಹೊರಟಿತು. ಕೂಸು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನಿಂತಿತು, ಮತ್ತೆ ಊಂ, ಮತ್ತೆ ಹೆಬ್ಬೆರಳು. ತಾಯಿಯೂ ಮಗಳೂ ನಿದ್ದೆಯಲ್ಲೇ ಒಬ್ಬರನ್ನೊಬ್ಬರು ಮಾತಾಡಿಸಿಕೊಳ್ಳುತ್ತಿದ್ದರು. ಶಿಲ್ಪಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವನ ಕಣ್ಣು ಒದ್ದೆಯಾದವು.

ಎಚ್ಚರಾದ ಹೆಂಡತಿಯನ್ನು ಕೇಳಿದ. "ನೀನು ತೂಗುವಾಗ ನಡುನಡುವೆ ನಿಂತುಹೋಗುತ್ತೆ ಕಣೇ, ಗೊತ್ತಾ?"

ತಪ್ಪು ಹುಡುಕುತ್ತಿದ್ದಾನೆಂದು ಅವಳಿಗೆ ರೇಗಿತು. "ನಿದ್ದೆ ಬಂದರೆ ನಿಲ್ಲದೆ ಇನ್ನೇನು? ನಿಂತರೆ ಅದು ಕರೆಯುತ್ತೆ, ಕರೆದರೆ ನಾನು ಎಳೀತೀನಿ. ನಿಮ್ಮದು ನಿಲ್ಲೋದೇ ಇಲ್ಲವಲ್ಲ ರೀ, ಅದು ಕರೆಯೋದು ಯಾವಾಗ?"

ಶಿಲ್ಪಿ ಅವಳ ಕಾಲ ಬಳಿಯೇ ಕೂತು ಮನಸಾರೆ ನಕ್ಕ. ಅಂದಿನಿಂದ ಹಗ್ಗದ ಪಾಳಿ ಅವನದೂ ಆಯಿತು. ಅವನ ಹೆಬ್ಬೆರಳೂ ತೂಕಡಿಸುವುದನ್ನು ಕಲಿಯಿತು. ಹೆಂಡತಿ ಒಳಮನೆಯಲ್ಲಿ ಕಾಲು ಚಾಚಿ ಮಲಗಿದಳು.

ಪ್ರದರ್ಶನಕ್ಕೆ ತೊಟ್ಟಿಲು ಹೋಯಿತು, ಮೋಟಾರು ಹೋಗಲಿಲ್ಲ. ಇದೇನು ಹೀಗೆ ಎಂದು ಕಲಾಶಾಲೆಯವರು ತಲೆ ಕೆರೆದುಕೊಂಡರು. ಅವನು ತೊಟ್ಟಿಲನ್ನು ಒಂದು ಕೋಣೆಯಲ್ಲಿ ತೂಗುಹಾಕಿ, ಹಗ್ಗವನ್ನು ಗೋಡೆಯ ತೂತಿನಿಂದ ಪಕ್ಕದ ಕೋಣೆಗೆ ಬಿಟ್ಟು, ಅಲ್ಲೊಂದು ಚಾಪೆ ಹಾಸಿದ. ಬರಿ ತೊಟ್ಟಿಲು ತೂಗಕೂಡದೆಂದು ಹೆಂಡತಿ ಅದೇ ಗುಂಡುಕಲ್ಲನ್ನು ಅದೇ ಸೀರೆಯಲ್ಲಿ ಸುತ್ತಿ ಕಳಿಸಿದಳು. ಬಂದವರು ನೋಡಿದರು. ತೊಟ್ಟಿಲು ತೂಗುತ್ತಿತ್ತು, ನಿಲ್ಲುತ್ತಿತ್ತು, ಏನೋ ನೆನಪಾದ ಹಾಗೆ ಮತ್ತೆ ತೂಗುತ್ತಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡು ಸುತ್ತಿಬಳಸಿ ಪಕ್ಕದ ಕೋಣೆಗೆ ಹೋದರೆ, ಯಾರೋ ಗುರುತಿಲ್ಲದವರು ಚಾಪೆಯ ಮೇಲೆ ಹಗ್ಗ ಹಿಡಿದು ಕೂತಿರುತ್ತಿದ್ದರು. ಕೂತವರಲ್ಲಿ ಒಬ್ಬರೂ ಹಗ್ಗವನ್ನು ನೆಲಕ್ಕೆ ಬಿಟ್ಟು ಏಳಲಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟೇ ಎದ್ದರು. ಒಬ್ಬ ಮುದುಕಿ ತೊಟ್ಟಿಲೊಳಗೆ ಬಗ್ಗಿ ನೋಡಿದಳು. ಕಲ್ಲು ಎಂದು ಅವಳಿಗೆ ಕಾಣದೆ ಇರಲಿಲ್ಲ. ಆದರೂ ಸರಿದಿದ್ದ ಸೀರೆಯ ಸೆರಗನ್ನು ಎಳೆದು ಹೊದಿಸಿ, ಗಾಳಿ ಬೀಸುತ್ತಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೋದಳು. ಬಾಗಿಲಲ್ಲಿ ನಿಂತಿದ್ದ ಶಿಲ್ಪಿ ಅದನ್ನು ನೋಡಿದ. ಅವನ ಹೆಗಲ ಮೇಲೆ ಕೂಸು ನಿದ್ದೆಹೋಗಿತ್ತು.

ಬುದ್ಧಿಯವರು ಕತೆ ನಿಲ್ಲಿಸಿದರು. ಸಂಜೆಯ ಆರತಿಗೆ ಹೊತ್ತಾಗುತ್ತಿತ್ತು. ಗುಡಿಯ ಬಾಗಿಲಲ್ಲಿ ಹೊಸ ಯಂತ್ರಕ್ಕೆ ಹೂವಿನ ಹಾರ ಹಾಕಿಟ್ಟಿದ್ದರು, ಅದರ ಪಕ್ಕದಲ್ಲೇ ಗಂಟೆಯ ಹಗ್ಗ ಇಳಿಬಿದ್ದಿತ್ತು. ಶಿವನಂಜ ಎರಡನ್ನೂ ನೋಡಿದ.

"ಹಾಗಾದರೆ ಸಾಹುಕಾರರಿಗೆ ಏನು ಹೇಳಲಿ ಬುದ್ಧಿ?"

"ಗರ್ಭಗುಡಿಯಲ್ಲಿ ಇರುವುದು ಗುಂಡುಕಲ್ಲಾದರೆ, ಯಂತ್ರವೇ ಸಾಕು ಅನ್ನು."